ಗ್ರೇಸ್ ಹಾಪರ್

ಉಡುಪಿಯ ರಥಬೀದಿಯಲ್ಲಾಗಲಿ ಕಾರ್ಕಳದ ಪೇಟೆಯಲ್ಲಾಗಲಿ ತುಳು, ಕೊಂಕಣಿ, ಕನ್ನಡ, ಬ್ಯಾರಿ ನುಡಿಗಳು ಒಟ್ಟಿಗೆ ಕಿವಿಗೆ ಬೀಳುತ್ತವೆ. ಕಾಪುವಿನ ಮೀನುಗಾರ್ತಿ ತುಳುವಿನಲ್ಲಿ ಬೆಲೆ ಹೇಳಿದರೂ ಕೊಂಕಣಿಯ ಗಿರಾಕಿಗೆ ಅರ್ಥವಾಗುತ್ತದೆ. ಗಣಕಯಂತ್ರಗಳಿಗೆ ಮೊದಲು ಇಂತಹ ಅನುಕೂಲವಿರಲಿಲ್ಲ. ಅದನ್ನು ಒದಗಿಸಿದವರಲ್ಲಿ ಅಗ್ರಗಣ್ಯರು ಗ್ರೇಸ್ ಹಾಪರ್.

ಇವರು 1906ರ ಡಿಸೆಂಬರ್ 9ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿ ಗಡಿಯಾರದ ಒಳಗುಟ್ಟನ್ನು ತಿಳಿಯುವ ಆಸೆಯಿಂದ ಮನೆಯಲ್ಲಿದ್ದ ಏಳು ಗಡಿಯಾರಗಳನ್ನು ಬಿಚ್ಚಿದ್ದರಂತೆ! 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪದವಿ ಪಡೆದರು. ವಾಸಾರ್ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದ ಇವರು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ನೌಕಾದಳದ ಮೀಸಲು ಪಡೆಗೆ ಸೇರಿದರು. ದೇಹದ ತೂಕ ನಿಯಮಕ್ಕಿಂತ ಕಡಿಮೆಯಿದ್ದುದರಿಂದ ವಿಶೇಷ ಅನುಮತಿ ಬೇಕಾಯಿತು. ಮರುವರ್ಷ ಹಾರ್ವರ್ಡ್‌ನ ಮಾರ್ಕ್ 1 ಎಂಬ ಬೃಹತ್ ಗಣಕಯಂತ್ರದ ಕೆಲಸಕ್ಕೆ ನಿಯುಕ್ತರಾದರು.

ಅಂದಿನ ಯಂತ್ರಗಳಿಗೆ ಆದೇಶಗಳನ್ನು ಸಂಕೇತಗಳಲ್ಲಿಯೇ ಬರೆಯಬೇಕಿತ್ತು. ಹಿಂದೆ ಬರೆದ ಆದೇಶಗಳನ್ನು ಪುನಃ ಬಳಸಬೇಕಾದರೆ ಕೈಯಿಂದ ನಕಲು ಮಾಡಬೇಕು. ನಕಲಿನಲ್ಲಿ ತಪ್ಪುಗಳು ನುಸುಳುತ್ತಿದ್ದವು. ಹಾಪರ್ ಅವರು 1952ರಲ್ಲಿ, ಸಿದ್ಧವಾಗಿದ್ದ ಆದೇಶದ ತುಣುಕುಗಳನ್ನು ಯಂತ್ರವೇ ಹುಡುಕಿ ಜೋಡಿಸುವಂತಹ ಎ-0 ಎಂಬ ಕಂಪೈಲರನ್ನು ರಚಿಸಿದರು. ಯಂತ್ರವು ಲೆಕ್ಕ ಮಾತ್ರ ಮಾಡಬಲ್ಲದು ಎಂದು ಹಲವರು ಇದನ್ನು ನಂಬಲಿಲ್ಲ.

ಹಾಪರ್ ಧೃತಿಗೆಡಲಿಲ್ಲ. ಆದೇಶಗಳನ್ನು ಇಂಗ್ಲಿಷ್ ಪದಗಳಲ್ಲಿ ಬರೆಯುವ ವಿಧಾನವನ್ನು ರೂಪಿಸಿದರು. ಫ್ರೆಂಚ್, ಜರ್ಮನ್ ಪದಗಳಿಂದಲೂ ಅದೇ ಕೆಲಸ ನಡೆಯುವುದೆಂದು ತೋರಿಸಿದಾಗ ಕಂಪನಿಯ ಅಧಿಕಾರಿಗಳು ಗಾಬರಿಗೊಂಡರು. ಯಂತ್ರಕ್ಕಾದರೋ ಎಲ್ಲ ನುಡಿಯ ಪದಗಳೂ ಕೇವಲ ಗುರುತುಗಳು!

ಆಗ ಯಂತ್ರ ಬದಲಾದರೆ ಆದೇಶಗಳನ್ನೆಲ್ಲ ಹೊಸದಾಗಿ ಬರೆಯಬೇಕಿತ್ತು. ಇದನ್ನು ತಪ್ಪಿಸಲು 1959ರಲ್ಲಿ ಸರ್ಕಾರ ಮತ್ತು ಯಂತ್ರ ತಯಾರಕರು ಸೇರಿ ಸಮಾನ ಭಾಷೆಯೊಂದರ ರಚನೆಗೆ ತೊಡಗಿದರು. ಹಾಪರ್ ಅವರ ಫ್ಲೋ-ಮ್ಯಾಟಿಕ್ ಭಾಷೆ ಅದಕ್ಕೆ ಮುಖ್ಯ ತಳಹದಿಯಾಯಿತು. ಹೀಗೆ ಹುಟ್ಟಿದ ಕೋಬಾಲ್ ಭಾಷೆಯ ಒಂದೇ ಆದೇಶಮಾಲೆ 1960ರ ಡಿಸೆಂಬರಿನಲ್ಲಿ ಬೇರೆ ಬೇರೆ ಕಂಪನಿಗಳ ಎರಡು ಯಂತ್ರಗಳಲ್ಲಿ ನಡೆಯಿತು. 1967ರಲ್ಲಿ ನೌಕಾದಳವು ನಿವೃತ್ತರಾಗಿದ್ದ ಅವರನ್ನು ಮರಳಿ ಕರೆಸಿಕೊಂಡಿತು. ಕಂಪೈಲರುಗಳು ಒಪ್ಪಿದ ನಿಯಮವನ್ನು ಪಾಲಿಸುತ್ತವೆಯೇ ಎಂದು ಪರೀಕ್ಷಿಸುವ ಕ್ರಮ ಅವರ ನೇತೃತ್ವದಲ್ಲಿ ರೂಪುಗೊಂಡಿತು. ಅವರು 1986ರಲ್ಲಿ, 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಿಂದ ನಿವೃತ್ತರಾಗಿ, 1992ರ ಜನವರಿ 1ರಂದು ನಿಧನರಾದರು.

1957ರಲ್ಲಿ ಸ್ಥಾಪಿತವಾದ ಮಣಿಪಾಲದ ತಾಂತ್ರಿಕ ಕಾಲೇಜಿನಂತಹ ಸಂಸ್ಥೆಗಳಲ್ಲಿ ಇಂದು ಕಲಿಯುವ ವಿದ್ಯಾರ್ಥಿಯು ಸಿ ಭಾಷೆಯ ಭಾಗವನ್ನು ಫೋರ್ಟ್ರಾನ್ ಭಾಷೆಯ ಭಾಗದೊಡನೆ ಕೂಡಿಸಬಲ್ಲನು. ಪ್ರತಿಯೊಂದನ್ನೂ ಅದರದರ ಕಂಪೈಲರು ಯಂತ್ರದ ಸಂಕೇತಕ್ಕೆ ಪರಿವರ್ತಿಸುತ್ತದೆ. ಬಳಿಕ ಲಿಂಕರ್ ಅವುಗಳನ್ನು ಬೆಸೆಯುತ್ತದೆ. ವಿಂಡೋಸ್, ಲಿನಕ್ಸ್ ವ್ಯವಸ್ಥೆಗಳ ಏರ್ಪಾಡು ಬೇರೆಬೇರೆಯಾದ್ದರಿಂದ ಒಂದೊಂದಕ್ಕೂ ಪ್ರತ್ಯೇಕವಾಗಿ ಪರಿವರ್ತಿಸಬೇಕು. ಒಂದು ಭಾಗವು ಮತ್ತೊಂದಕ್ಕೆ ಅಂಕಿಗಳನ್ನು ಹೇಗೆ ಒಪ್ಪಿಸಬೇಕು, ಉತ್ತರವನ್ನು ಎಲ್ಲಿಂದ ಪಡೆಯಬೇಕು ಎಂಬ ಒಪ್ಪಂದವೂ ಇರಬೇಕು. ಅದು ತಪ್ಪಿದರೆ ಫಲಿತಾಂಶವೇ ಕೆಡುತ್ತದೆ. ಭಾಷೆಗಳು ಹಲವಿದ್ದರೂ ನಿಯಮಕ್ಕೆ ಬದ್ಧರಾದರೆ ಕೂಡಿ ದುಡಿಯಬಹುದೆಂಬುದನ್ನು ಹಾಪರ್ ಅವರ ಸಾಧನೆ ನಮಗೆ ಕಲಿಸುತ್ತದೆ.