ಹೆಸರಿಲ್ಲದ ಚೀಫ್ ಡಿಸೈನರ್

ಸೆರ್ಗೆಯ್ ಕೊರೊಲ್ಯೊವ್ ಹುಟ್ಟಿದ್ದು 1907ರಲ್ಲಿ, ಉಕ್ರೇನಿನಲ್ಲಿ. 1938ರಲ್ಲಿ ಸ್ಟಾಲಿನ್ ಸರ್ಕಾರ ಸುಳ್ಳು ಆರೋಪ ಹೊರಿಸಿ ಈ ರಾಕೆಟ್ ಇಂಜಿನಿಯರನ್ನ ಬಂಧಿಸಿತು, ಆಮೇಲೆ ಕೊಲಿಮಾದ ಚಿನ್ನದ ಗಣಿಗೆ ಕೈದಿಯಾಗಿ ಕಳಿಸಿತು. ಬದುಕಿ ಬಂದಿದ್ದೇ ಹೆಚ್ಚು.

ಶೀತಲ ಸಮರ ಶುರುವಾದಾಗ ಅದೇ ಸರ್ಕಾರಕ್ಕೆ ಅಮೆರಿಕದವರೆಗೂ ಅಣುಬಾಂಬ್ ಒಯ್ಯೋ ಕ್ಷಿಪಣಿ ಬೇಕಾಯ್ತು. ಕೊರೊಲ್ಯೊವ್ ಆರ್-7 ಕಟ್ಟಿಕೊಟ್ಟರು. ಆದ್ರೆ ಅವರ ಕಣ್ಣಿದ್ದಿದ್ದು ಆಕಾಶದ ಮೇಲೆ. 1957ರ ಅಕ್ಟೋಬರ್ 4ರಂದು ಅದೇ ಕ್ಷಿಪಣಿ 83.6 ಕೆಜಿಯ ಸ್ಪುಟ್ನಿಕ್ ಹೊತ್ತು ಹಾರಿತು. ಬೆಚ್ಚಿಬಿದ್ದ ಅಮೆರಿಕ ಮರುವರ್ಷವೇ ನಾಸಾ ಕಟ್ಟಿತು. 1961ರಲ್ಲಿ ಗಗಾರಿನ್ ಹೋಗಿದ್ದೂ ಆರ್-7 ಮೇಲೆಯೇ.

ಇಷ್ಟಾದ್ರೂ ಹೆಸರು ಗುಟ್ಟು. ಪೇಪರಲ್ಲಿ ಅವರು ಬರೀ ಚೀಫ್ ಡಿಸೈನರ್. 1966ರಲ್ಲಿ ತೀರಿಕೊಂಡ ಮೇಲಷ್ಟೇ ಜಗತ್ತಿಗೆ ಅವರ ಹೆಸರು ಗೊತ್ತಾಗಿದ್ದು. 1984ರಲ್ಲಿ ನಮ್ಮ ರಾಕೇಶ್ ಶರ್ಮಾರನ್ನ ಒಯ್ದ ರಾಕೆಟ್ಟೂ ಆರ್-7 ವಂಶದ್ದೇ.