ಯಾವ ಮೀನಿಗೆ ಯಾವ ಎರೆ? 900 ವರ್ಷದ ಹಿಂದೆ ಬರೆದಿಟ್ಟ ಕಲ್ಯಾಣದ ದೊರೆ

ಶಿವರಾತ್ರಿ ಕಳೆದು ಚಳಿ ಬಿಡುತ್ತಿದ್ದಂತೆ ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆ ಕೆರೆ ಏರಿಗಳ ಮೇಲೆ ಗಾಳ ಹಿಡಿದವರು ಕಾಣಿಸುತ್ತಾರೆ. ಒಬ್ಬರ ಕೈಯಲ್ಲಿ ಮೈದಾ ಉಂಡೆ, ಇನ್ನೊಬ್ಬರ ಡಬ್ಬಿಯಲ್ಲಿ ಎರೆಹುಳು, ಮತ್ತೊಬ್ಬರ ಬಳಿ ಆನ್‌ಲೈನ್‌ನಲ್ಲಿ ತರಿಸಿದ ಪ್ಲಾಸ್ಟಿಕ್ ಕಪ್ಪೆ. ಯಾವುದಕ್ಕೆ ಮೀನು ಬೀಳುತ್ತದೆ ಎಂಬ ವಾದಕ್ಕೆ ಕೊನೆಯೇ ಇಲ್ಲ. ಇದೇ ಪ್ರಶ್ನೆಯನ್ನು ಕನ್ನಡ ನಾಡಿನ ಒಬ್ಬ ಚಕ್ರವರ್ತಿಯೂ ತಲೆಗೆ ಹಚ್ಚಿಕೊಂಡಿದ್ದ. ಗಾಳದ ಬಗ್ಗೆ ಜಗತ್ತಿನಲ್ಲೇ ಮೊದಲು ಬರೆದವನು ಅವನೇ ಎಂಬ ಮೆಸೇಜ್ ನಿಮಗೆ ಬಂದರೆ, ಮುಂದೆ ಕಳಿಸುವ ಮೊದಲು ಇದನ್ನು ಓದಿ.

ಅವನು ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ. ಪ್ರಸಿದ್ಧ ದೊರೆ ಆರನೇ ವಿಕ್ರಮಾದಿತ್ಯನ ಮಗ. 1126ರ ಸುಮಾರಿಗೆ ಪಟ್ಟಕ್ಕೆ ಬಂದ. ರಾಜಧಾನಿ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಪ್ಪ ಐವತ್ತು ವರ್ಷ ಆಳಿ ಕಟ್ಟಿದ ರಾಜ್ಯ ಮಗನ ಕೈಯಲ್ಲಿ ಸಡಿಲವಾಗತೊಡಗಿತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ಹೆಸರಿಗಷ್ಟೇ ಸಾಮಂತನಾಗಿದ್ದ. ಸೋಮೇಶ್ವರನ ಒಲವು ಯುದ್ಧಕ್ಕಿಂತ ವಿದ್ಯೆಯ ಕಡೆಗೆ. ಸರ್ವಜ್ಞ ಚಕ್ರವರ್ತಿ ಎಂಬ ಬಿರುದು ಬಂದದ್ದೂ ಅದಕ್ಕೇ.

1130ರ ಆಸುಪಾಸಿನಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ರಾಜನೀತಿ, ಆನೆ, ಅಡುಗೆ, ಸಂಗೀತ ಎಲ್ಲವೂ ಅದರಲ್ಲಿದೆ. ಇಡ್ಲಿಯ ಇತಿಹಾಸದ ಫಾರ್ವರ್ಡ್‌ಗಳಲ್ಲಿ ಬರುವ ಪುಸ್ತಕವೂ ಇದೇ. ಅದರ ‘ಮತ್ಸ್ಯವಿನೋದ’ ಭಾಗದಲ್ಲಿ ಸುಮಾರು 35 ಬಗೆಯ ಮೀನುಗಳಿವೆ. ಸಮುದ್ರದವು ಯಾವುವು, ನದಿಯವು ಯಾವುವು, ಹುರುಪೆ ಇರುವವು, ಇಲ್ಲದವು ಎಂದು ಬೇರೆ ಮಾಡಿದ್ದಾನೆ. ಗಾಳದ ದಾರ, ಕೋಲು, ಕೊಕ್ಕೆಯ ವಿವರವೂ ಇದೆ. ಮೀನುಗಳಿಗೆ ಮೊದಲು ತಿನಿಸು ಹಾಕಿ ರೂಢಿ ಮಾಡಿಸಬೇಕು, ಆಮೇಲೆ ಗಾಳ. ಎಲ್ಲಕ್ಕೂ ಒಂದೇ ತಿನಿಸಲ್ಲ: ಕೆಲವಕ್ಕೆ ಹಿಂಡಿ, ಹಿಟ್ಟಿನ ಉಂಡೆ, ಕೆಲವಕ್ಕೆ ಮಾಂಸ.

ನಮಗೆ ಅಚ್ಚರಿ ತಂದದ್ದು ಈ ಕೊನೆಯ ಮಾತು. ಎರೆಹುಳು ಒಂದಿದ್ದರೆ ಯಾವ ಮೀನಾದರೂ ಬೀಳುತ್ತದೆ ಎಂದು ಇಂದಿಗೂ ನಂಬುವವರಿದ್ದಾರೆ. ರೋಹುವಿಗೆ ದವಡೆಯಲ್ಲಿ ಹಲ್ಲಿಲ್ಲ. ಅದು ಹೆಚ್ಚಾಗಿ ಪಾಚಿ, ಕೊಳೆತ ಸೊಪ್ಪು ತಿನ್ನುವ ಜೀವಿ, ಹಿಂಡಿ ಬೆರೆಸಿದ ಹಿಟ್ಟಿಗೆ ಬರುತ್ತದೆ. ಕೊರವ ಬೇಟೆಗಾರ. ಅಲುಗಾಡುವ ಸಣ್ಣ ಮೀನು, ಕಪ್ಪೆಯ ಮೇಲೆ ಎರಗುತ್ತದೆ. ಪ್ಲಾಸ್ಟಿಕ್ ಕಪ್ಪೆ ನಡೆಯುವುದು ಕೊರವನ ಮುಂದೆ, ರೋಹುವಿನ ಮುಂದಲ್ಲ. ಋತುವಿನ ಮಾತಿಗೂ ಕಾರಣವಿದೆ. ಮೀನಿನ ಮೈ ನೀರಿನಷ್ಟೇ ಬೆಚ್ಚಗಿರುತ್ತದೆ. ಚಳಿಯಲ್ಲಿ ಜೀರ್ಣ ನಿಧಾನ, ಹಸಿವೂ ಕಡಿಮೆ. ನೀರು ಕಾಯುತ್ತಿದ್ದಂತೆ ಮೇವು ಹುಡುಕಿ ಹೊರಡುತ್ತವೆ.

ಇನ್ನು ‘ಜಗತ್ತಿನಲ್ಲೇ ಮೊದಲು’ ಎಂಬುದು. ಅದು ನಿಜವಲ್ಲ. ಸೋಮೇಶ್ವರನಿಗಿಂತ ಸುಮಾರು ಒಂಬೈನೂರು ವರ್ಷ ಮೊದಲೇ ಮೀನುಗಾರಿಕೆಯ ಬಗ್ಗೆ ಆಪ್ಪಿಯನ್ ಎಂಬ ಕವಿ ಗ್ರೀಕ್ ಭಾಷೆಯಲ್ಲಿ ದೊಡ್ಡ ಕಾವ್ಯವನ್ನೇ ಬರೆದಿದ್ದ. ಆದರೆ ಗಾಳದ ಹಳೆಯ ಪುಸ್ತಕವೆಂದು ಹೆಸರಾದ ಇಂಗ್ಲಿಷ್ ಕೃತಿ ಅಚ್ಚಾದದ್ದು 1496ರಲ್ಲಿ. ಅದಕ್ಕಿಂತ ನಮ್ಮ ದೊರೆ ಮೂರೂವರೆ ಶತಮಾನ ಹಿಂದಿನವನು. ಇಷ್ಟು ಹೇಳಿದರೆ ಸಾಲದೇ?

1138ರ ಹೊತ್ತಿಗೆ ಅವನ ಆಳ್ವಿಕೆ ಮುಗಿಯಿತು. ಸುಮಾರು ಎರಡು ದಶಕದಲ್ಲಿ ಕಲ್ಯಾಣ ಕಲಚೂರಿ ಬಿಜ್ಜಳನ ಪಾಲಾಯಿತು. ಪುಸ್ತಕ ಉಳಿಯಿತು. 1951ರಲ್ಲಿ ಮೀನುವಿಜ್ಞಾನಿ ಸುಂದರ್ ಲಾಲ್ ಹೋರಾ ‘ಮತ್ಸ್ಯವಿನೋದ’ವನ್ನು ಮುಂದಿಟ್ಟುಕೊಂಡು, ಅದರ ಹೆಸರುಗಳು ಇಂದಿನ ಯಾವ ಮೀನುಗಳವು ಎಂದು ಗುರುತಿಸಲು ಕೂತರು.