ಮಸೀಹುಲ್ ಮುಲ್ಕ್ ಹಕೀಂ ಅಜ್ಮಲ್ ಖಾನ್

ಶಾಲು ಹೊದಿಸಿ, ಹಾರ ಹಾಕಿ, ಸ್ಮರಣಿಕೆ ಕೊಟ್ಟು ಹಿರಿಯರನ್ನು ಸನ್ಮಾನಿಸುವುದನ್ನು ನೀವು ಎಷ್ಟೋ ಸಮಾರಂಭಗಳಲ್ಲಿ ನೋಡಿದ್ದೀರಿ. ಸಿಕ್ಕಿದ ಸನ್ಮಾನವನ್ನು ಹಿಂದಿರುಗಿಸಿದವರು ಮಾತ್ರ ವಿರಳ. ಹಕೀಂ ಅಜ್ಮಲ್ ಖಾನ್ ಸಾಹೇಬರು ಅಂಥವರಲ್ಲೊಬ್ಬರು.

1868ರಲ್ಲಿ ದಿಲ್ಲಿಯ ಹೆಸರಾಂತ ಹಕೀಮರ ಮನೆತನದಲ್ಲಿ ಜನಿಸಿದ ಅವರು ಮನೆಯ ಹಿರಿಯರಿಂದಲೇ ಯೂನಾನಿ ವೈದ್ಯ ಕಲಿತರು. ಕೆಲವು ವರ್ಷ ರಾಂಪುರದ ನವಾಬರ ಆಸ್ಥಾನದಲ್ಲಿದ್ದು ದಿಲ್ಲಿಗೆ ಮರಳಿದರು. ಬಲ್ಲಿಮಾರಾನ್‌ನಲ್ಲಿದ್ದ ಅವರ ಮನೆ ಶರೀಫ್ ಮಂಜಿಲ್‌ಗೆ ಬಂದ ಬಡ ರೋಗಿಗಳಿಂದ ಅವರು ಹಣ ಪಡೆಯುತ್ತಿರಲಿಲ್ಲ. ರಾಜಮಹಾರಾಜರು ಹೊರಗೂರಿಗೆ ಕರೆಸಿಕೊಂಡರೆ ಮಾತ್ರ ದೊಡ್ಡ ಶುಲ್ಕ! ಆ ಹಣ ಎಲ್ಲಿಗೆ ಹೋಯಿತೆಂಬುದನ್ನು ಮುಂದೆ ನೋಡುವಿರಿ.

ಇವರ ಸೇವೆಯನ್ನು ಮೆಚ್ಚಿ ಬ್ರಿಟಿಷ್ ಸರಕಾರ 1908ರಲ್ಲಿ 'ಹಾಜಿಖುಲ್ ಮುಲ್ಕ್' ಎಂಬ ಬಿರುದನ್ನೂ 1915ರಲ್ಲಿ 'ಕೈಸರ್-ಎ-ಹಿಂದ್' ಪದಕವನ್ನೂ ನೀಡಿತು. ದಿಲ್ಲಿಯಲ್ಲಿ ಯೂನಾನಿ ಮತ್ತು ಆಯುರ್ವೇದ ಎರಡನ್ನೂ ಕಲಿಸುವ ತಿಬ್ಬಿಯಾ ಕಾಲೇಜು ಅವರ ಕನಸಾಗಿತ್ತು. 1916ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದವರು ವೈಸರಾಯ್ ಲಾರ್ಡ್ ಹಾರ್ಡಿಂಜ್. ಸರಕಾರದ ಕೃಪೆ ಕಳೆದುಕೊಂಡರೆ ಈ ಸಂಸ್ಥೆಗೇ ಪೆಟ್ಟು ಬೀಳಬಹುದಿತ್ತು ಎಂಬುದನ್ನು ನೀವು ಗಮನಿಸಬೇಕು.

ಆದರೂ ಜಲಿಯನ್‌ವಾಲಾಬಾಗ್ ಹತ್ಯಾಕಾಂಡ ನಡೆದ ಮೇಲೆ, ಖಿಲಾಫತ್ ಮತ್ತು ಅಸಹಕಾರ ಚಳವಳಿಯ ಕಾಲದಲ್ಲಿ, 1920ರಲ್ಲಿ ಬಿರುದು ಪದಕಗಳೆರಡನ್ನೂ ಅವರು ಹಿಂದಿರುಗಿಸಿದರು. ಕಾಲೇಜು ನಿಲ್ಲಲಿಲ್ಲ, ಮರುವರ್ಷ ಗಾಂಧೀಜಿಯವರೇ ಅದನ್ನು ಉದ್ಘಾಟಿಸಿದರು. ಸರಕಾರಿ ಬಿರುದು ಹೋದ ಜಾಗದಲ್ಲಿ ಜನರು ಅವರಿಗೆ 'ಮಸೀಹುಲ್ ಮುಲ್ಕ್' ಎಂಬ ಬಿರುದು ಕೊಟ್ಟರು. ರೋಗ ವಾಸಿ ಮಾಡುವ ನಾಡಿನ ಮಸೀಹ ಎಂದು ಇದರ ಅರ್ಥ. 1921ರಲ್ಲಿ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆಯೂ ಅವರ ಪಾಲಿಗೆ ಬಂತು.

ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಪರೀಕ್ಷೆ ಬಂದದ್ದು ಚಪ್ಪಾಳೆಗಳು ನಿಂತ ಮೇಲೆ. 1920ರಲ್ಲಿ ಅಲೀಗಢದಲ್ಲಿ ಆರಂಭವಾದ ಜಾಮಿಯಾ ಮಿಲ್ಲಿಯಾದ ಮೊದಲ ಕುಲಾಧಿಪತಿ ಅವರೇ. 1924ರಲ್ಲಿ ತುರ್ಕಿಯಲ್ಲಿ ಖಿಲಾಫತ್ತೇ ರದ್ದಾಯಿತು, ಚಳವಳಿಯ ನಿಧಿಯೂ ಬತ್ತಿತು. ಜಾಮಿಯಾವನ್ನು ಮುಚ್ಚಿಬಿಡೋಣವೆಂಬ ಮಾತು ಎದ್ದಿತು. ಹಕೀಂ ಸಾಹೇಬರು 1925ರಲ್ಲಿ ಅದನ್ನು ದಿಲ್ಲಿಯ ಕರೋಲ್‌ಬಾಗ್‌ಗೆ ತರಿಸಿಕೊಂಡು, ವೆಚ್ಚದ ಬಹುಪಾಲನ್ನು ಸ್ವಂತ ಜೇಬಿನಿಂದ ಭರಿಸಿದರು. ಶ್ರೀಮಂತ ರೋಗಿಗಳು ಕೊಟ್ಟ ಶುಲ್ಕ ಹೀಗೆ ಬಡ ಮಕ್ಕಳ ಓದಿಗೆ ಸಂದಿತು.

1927ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರು ಬೆಂಬಲಿಸಿದ್ದ ಯುವ ರಸಾಯನ ವಿಜ್ಞಾನಿ ಸಲೀಮುಜ್ಜಮಾನ್ ಸಿದ್ದೀಕಿ 1931ರಲ್ಲಿ ಸರ್ಪಗಂಧದ ಬೇರಿನಿಂದ ಒಂದು ಔಷಧಾಂಶವನ್ನು ಬೇರ್ಪಡಿಸಿ, ಹಕೀಂ ಸಾಹೇಬರ ನೆನಪಿಗೆ ಅದಕ್ಕೆ 'ಅಜ್ಮಲೀನ್' ಎಂದು ಹೆಸರಿಟ್ಟರು. ಹೃದಯ ಬಡಿತದ ದೋಷ ಪತ್ತೆಹಚ್ಚಲು ವೈದ್ಯರು ಇಂದಿಗೂ ಅದನ್ನು ಬಳಸುತ್ತಾರೆ.